ಕುಣಿಯಲು ಅಡ್ಡಿಯಿಲ್ಲ, ಇಳಿಯುವುದು ಹೇಗೆ?

ನಮಸ್ಕಾರ. ಮಧ್ಯಾಹ್ನ ಮೂರೂವರೆ ಗಂಟೆ ಎಂದರೆ ನಮ್ಮ ಕಡೆ ಊಟದ ನಂತರ ಒಂದು ಕೋಳಿನಿದ್ದೆ ತೆಗೆದು, ಕಾಫಿಗೆ ನೀರಿಡುವ ಹೊತ್ತು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಸಾಂಕ್ಟ್ ಆಂಟನ್ ಊರಿನ ಮೇಲಿನ ಇಳಿಜಾರಿನಲ್ಲಿ ಅದೇ ಹೊತ್ತಿಗೆ ಡಿಜೆ ಮೊದಲ ಹಾಡು ಹಾಕುತ್ತಾನೆ. ನೂರಾರು ಜನ ಹೆಲ್ಮೆಟ್ಟನ್ನೂ ಬಿಚ್ಚದೆ, ಗಾರೆಯಲ್ಲಿ ಎರಕ ಹೊಯ್ದಂತಿರುವ ಸ್ಕೀ ಬೂಟುಗಳಲ್ಲೇ ಬೆಂಚು ಹತ್ತಿ ಕುಣಿಯಲು ಶುರು ಮಾಡುತ್ತಾರೆ. ಇದಕ್ಕೆ ಅಪ್ರೆ ಸ್ಕೀ ಎಂದು ಹೆಸರು. ಫ್ರೆಂಚಿನಲ್ಲಿ ಸ್ಕೀ ಆದ ಮೇಲೆ, ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದಲ್ಲಿ ಜಾರಿ ಮುಗಿಸಿದ ಮೇಲೆ ಎಂದರ್ಥ. ನನ್ನ ಇವತ್ತಿನ ತಕರಾರೆಲ್ಲ ಆ ಹೆಸರಿನ ಮೇಲೆಯೇ. ಏಕೆಂದರೆ ಅಲ್ಲಿ ಸ್ಕೀ ಇನ್ನೂ ಮುಗಿದಿರುವುದಿಲ್ಲ.

ಹೇಗೆಂದು ಹೇಳುತ್ತೇನೆ. ನಾನಿರುವುದು ಮ್ಯೂನಿಕ್‌ನಲ್ಲಿ. ಪ್ರತಿ ಜನವರಿಯಲ್ಲಿ ಕಚೇರಿಯವರ ಜೊತೆ ಟಿರೋಲ್ ಕಡೆಗೆ ಹೋಗುವುದು ರೂಢಿಯಾಗಿದೆ. ಅಲ್ಲಿ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು ಸುಮಾರು ನಾಲ್ಕು ಗಂಟೆಗೆ ನಿಲ್ಲುತ್ತವೆ. ಸೂರ್ಯ ಅದಕ್ಕೂ ಮೊದಲೇ ಬೆಟ್ಟದ ಹಿಂದೆ ಸರಿದಿರುತ್ತಾನೆ. ಹೋಟೆಲಿನಲ್ಲಿ ರಾತ್ರಿಯೂಟ ಏಳಕ್ಕೆ. ನಡುವಿನ ಮೂರು ಗಂಟೆ ಪ್ರವಾಸಿಗೆ ಕೆಲಸವಿಲ್ಲ, ಜೇಬಿನಲ್ಲಿ ದುಡ್ಡಿದೆ, ಮೈಯಲ್ಲಿ ಚಳಿಯಿದೆ. ಈ ಮೂರು ಗಂಟೆಗಳನ್ನು ಮಾರುವ ಕಲೆಯೇ ಅಪ್ರೆ ಸ್ಕೀ. ಆದ್ದರಿಂದಲೇ ಬಾರುಗಳು ಇರುವುದು ಊರಿನಲ್ಲಷ್ಟೇ ಅಲ್ಲ, ಇಳಿಜಾರಿನ ಅಂಚಿನಲ್ಲಿಯೂ. ಸಾಂಕ್ಟ್ ಆಂಟನ್‌ನ ಮೂಸರ್‌ವಿರ್ಟ್‌ನಂಥ ಹೆಸರಾಂತ ಬಾರು ರಾತ್ರಿ ಎಂಟಕ್ಕೆ ಮುಚ್ಚುತ್ತದೆ. ಆಮೇಲೆ? ಸ್ಕೀ ಕಟ್ಟಿಕೊಂಡು, ಕತ್ತಲಲ್ಲಿ, ಊರಿಗೆ ಜಾರಬೇಕು.

ಅಲ್ಲಿ ಕುಡಿಯುವುದೇನು ಕಡಿಮೆಯದಲ್ಲ. ಯಾಗರ್‌ಟೇ ಎಂದು ಒಂದಿದೆ, ಬೇಟೆಗಾರರ ಚಹಾ. ಹೆಸರು ಕೇಳಿ ಮೋಸ ಹೋಗಬೇಡಿ. ಚಹಾ ನೆಪ, ರಮ್ಮೇ ಮುಖ್ಯ. ಆಸ್ಟ್ರಿಯಾದಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರಿಡಬಹುದು ಎಂದು ಯುರೋಪಿಯನ್ ಒಕ್ಕೂಟವೇ ನಿಯಮ ಮಾಡಿದೆ. ಆ ದೇಶದ್ದೇ ಆದ ಶ್ಟ್ರೋ ಎಂಬ ರಮ್ಮಿನಲ್ಲಿ ಶೇ. 80 ಆಲ್ಕೊಹಾಲ್ ಇರುವ ಬಾಟಲಿಯೂ ಸಿಗುತ್ತದೆ. ಬಿಸಿಯಾಗಿ ಗಂಟಲಿಗೆ ಇಳಿಯುವಾಗ ಹಿತವಾಗಿಯೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ನನ್ನಂತೆ ನಲವತ್ತರ ಹತ್ತಿರ ಸ್ಕೀ ಕಲಿತವರ ಗತಿ ಮಾತ್ರ ಯೋಚಿಸಿ: ಮೊದಲೇ ಕೋತಿ, ಕುಡಿದದ್ದು ಹೆಂಡ, ಕಾಲಿಗೆ ಸ್ಕೀ ಬೇರೆ.

ಹಾಗೆಂದು ಆ ಊರಿನವರನ್ನು ಹಣದಾಹಿಗಳು ಎಂದು ಜರಿಯುವವರ ಜೊತೆ ನಾನಿಲ್ಲ. ಈ ಕಣಿವೆಗಳ ಹಳೆಯ ಕಥೆ ಬೇರೆಯೇ ಇದೆ. 20ನೇ ಶತಮಾನದ ಆರಂಭದವರೆಗೂ ಇಲ್ಲಿನ ಬಡ ಮನೆಗಳ ಮಕ್ಕಳನ್ನು ಪ್ರತಿ ವಸಂತದಲ್ಲಿ ಜರ್ಮನಿಯ ಶ್ವಾಬೆನ್ ಸೀಮೆಗೆ ಜೀತಕ್ಕೆಂಬಂತೆ ಕಳಿಸುತ್ತಿದ್ದರು. 1884ರಲ್ಲಿ ಆರ್ಲ್‌ಬರ್ಗ್ ಸುರಂಗದ ರೈಲು ಬರುವವರೆಗೂ ಆ ಮಕ್ಕಳು ಹಿಮ ತುಂಬಿದ ಕಣಿವೆದಾರಿಯನ್ನು ನಡೆದೇ ದಾಟಬೇಕಿತ್ತು. ರಾವೆನ್ಸ್‌ಬುರ್ಗ್‌ನ ಸಂತೆಯಲ್ಲಿ ರೈತರು ಅವರನ್ನು ಆರಿಸಿಕೊಳ್ಳುತ್ತಿದ್ದರು. ಬೇಸಗೆಯೆಲ್ಲ ದನ ಕಾದು, ಶರತ್ಕಾಲದಲ್ಲಿ ಒಂದು ಜೊತೆ ಬಟ್ಟೆ, ನಾಲ್ಕು ಕಾಸು ಹಿಡಿದು ಅವರು ಮನೆಗೆ ಮರಳುತ್ತಿದ್ದರು. ಅಂಥ ಹಿಮದಿಂದ ಅನ್ನ ಹುಟ್ಟಿಸಿದ್ದಾರೆ. ಅವರ ಮೊಮ್ಮಕ್ಕಳು ಬಿಯರ್ ಮಾರಿದರೆ ನನ್ನ ಗಂಟೇನು ಹೋಗುತ್ತದೆ?

ಪಕ್ಕದ ಪಾಟ್ಸ್‌ನೌನ್ ಕಣಿವೆಯ ಇಶ್‌ಗಲ್ ನಿಮಗೆ ನೆನಪಿರಬಹುದು. ಸಾವಿರದ ಆರುನೂರು ಜನರ ಹಳ್ಳಿ. 2020ರ ಮಾರ್ಚ್ 5ರಂದು ಐಸ್‌ಲ್ಯಾಂಡ್ ಆ ಊರನ್ನು ಕೊರೊನಾ ಅಪಾಯದ ಪಟ್ಟಿಗೆ ಸೇರಿಸಿತು. 7ರಂದು ಅಲ್ಲಿನ ಬಾರೊಂದರ ನೌಕರನಿಗೆ ಸೋಂಕು ಖಚಿತವಾಯಿತು. ಕಣಿವೆಗೆ ಬೀಗ ಬಿದ್ದದ್ದು 13ಕ್ಕೆ. ಅಷ್ಟರಲ್ಲಿ ಪ್ರವಾಸಿಗರು ಸೋಂಕನ್ನು ಯುರೋಪಿನ ತುಂಬ ಹೊತ್ತುಕೊಂಡು ಹೋಗಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇನ್ಸ್‌ಬ್ರುಕ್ ವೈದ್ಯಕೀಯ ವಿಶ್ವವಿದ್ಯಾಲಯ ಆಮೇಲೆ ಪರೀಕ್ಷಿಸಿದಾಗ ಊರಿನವರಲ್ಲಿ ಶೇ. 42.4ರಷ್ಟು ಮಂದಿಯಲ್ಲಿ ಪ್ರತಿಕಾಯಗಳು ಕಂಡವು. ಆಗ ಇಡೀ ಜಗತ್ತು ಈ ಬಾರುಗಳ ಬಗ್ಗೆ ಮಾತಾಡಿತು. ದಿನವೂ ಸಂಜೆ ಎಂಟಕ್ಕೆ ನಡೆಯುವ ಆ ಇಳಿಯುವಿಕೆಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ.

ರಸ್ತೆಯಲ್ಲಿ ಆಸ್ಟ್ರಿಯಾದ ಪೊಲೀಸರು ಊದಿಸಿ ನೋಡುತ್ತಾರೆ. ಲೀಟರ್ ರಕ್ತಕ್ಕೆ ಅರ್ಧ ಗ್ರಾಂ ದಾಟಿದರೆ ದಂಡ. ಇಳಿಜಾರಿನಲ್ಲಿ ಅಂಥ ಮಿತಿಯೇ ಇಲ್ಲ. ಅಲ್ಲಿ ಲಿಫ್ಟು ನಿಂತ ಮೇಲೆ ಹಿಮ ಸಮಮಾಡುವ ಯಂತ್ರಗಳು ಇಳಿಯುತ್ತವೆ. ಕಡಿದಾದ ಕಡೆ ಅವನ್ನು ಮೇಲಿನಿಂದ ಉಕ್ಕಿನ ಹಗ್ಗದಲ್ಲಿ ಬಿಗಿದಿರುತ್ತಾರೆ. ಆ ಹಗ್ಗ ನೂರಾರು ಮೀಟರ್ ಉದ್ದ, ಬೆರಳಿನಷ್ಟು ದಪ್ಪ, ಕತ್ತಲಲ್ಲಿ ಕಾಣದು. ಯಂತ್ರ ಅಲುಗಿದರೆ ಹಿಮದೊಳಗಿದ್ದದ್ದು ಥಟ್ಟನೆ ಮೇಲೇಳುತ್ತದೆ. ಹಾಗಾಗಿಯೇ ಆ ಹೊತ್ತಿಗೆ ಇಳಿಜಾರು ಮುಚ್ಚಿದೆ ಎಂದು ಫಲಕ ಹಾಕಿರುತ್ತಾರೆ. ಫಲಕದ ಪಕ್ಕದಲ್ಲೇ ಬಾರು ತೆರೆದಿರುತ್ತದೆ!

ಇಟಲಿ 2022ರ ಜನವರಿ 1ರಿಂದ ಕುಡಿದು ಸ್ಕೀ ಮಾಡುವುದನ್ನು ಕಾನೂನಿನಿಂದಲೇ ನಿಷೇಧಿಸಿದೆ. ಆಸ್ಟ್ರಿಯಾಕ್ಕೆ ಏನು ಕಷ್ಟ? ನಿಯಮ ಮಾಡಲು ಬಾರದವರಲ್ಲ ಅವರು. ಬೂಟುಗಳ ಟಕಟಕ ಸದ್ದಿಗೆ ಹೋಟೆಲಿನ ಅತಿಥಿಗಳು ನಿದ್ದೆಗೆಟ್ಟಾಗ, ಊರ ನಡುವೆ ರಾತ್ರಿ ಎಂಟರ ನಂತರ ಸ್ಕೀ ಬೂಟು ಹಾಕಿ ನಡೆಯಬಾರದು ಎಂದು ಇಶ್‌ಗಲ್‌ನಲ್ಲಿ ನಿಯಮವಾಯಿತು. ನಿದ್ದೆಗೆ ಇರುವ ಕಾಳಜಿ ಮೂಳೆಗೆ ಬೇಡವೇ? ನಾನು ಬಾರು ಮುಚ್ಚಿ ಎನ್ನುತ್ತಿಲ್ಲ. ಮೇಲಕ್ಕೆ ಒಯ್ಯಲು ಟಿಕೆಟ್ ಮಾರುವವರು ಕೆಳಕ್ಕೆ ಇಳಿಸುವ ಹೊಣೆಯನ್ನೂ ಹೊರಲಿ. ಬಾರು ತೆರೆದಿರುವಷ್ಟು ಹೊತ್ತು ಒಂದು ಲಿಫ್ಟು ಕೆಳಮುಖವಾಗಿ ಓಡಲಿ, ಇಲ್ಲವೇ ವ್ಯಾನಿನಲ್ಲಿ ಇಳಿಸಲಿ. ಕೆಲವು ಕಡೆ ಟ್ಯಾಕ್ಸಿ ಬರುತ್ತದೆ, ನಿಜ. ಆದರೆ ಎರಡು ಗ್ಲಾಸು ಏರಿದ ಮೇಲೆ ಟ್ಯಾಕ್ಸಿ ಹತ್ತುವುದು ಗಂಡಸುತನಕ್ಕೆ ಕುಂದು ಎನ್ನಿಸುತ್ತದಲ್ಲ!

ನಾನೊಮ್ಮೆ ನಡೆದೇ ಇಳಿದೆ. ಬಾರಿನ ಹೆಸರು ಬೇಡ. ಹೊರಗೆ ಹಿಮದಲ್ಲಿ ನೂರಾರು ಸ್ಕೀಗಳು, ಮದುವೆ ಛತ್ರದ ಮುಂದಿನ ಚಪ್ಪಲಿಗಳ ಹಾಗೆ. ಕತ್ತಲಲ್ಲಿ ಕೈಗೆ ಸಿಕ್ಕ ಜೋಡಿಯನ್ನು ಹೆಗಲಿಗೇರಿಸಿ ಅಂಚಿನ ಕಾಲುದಾರಿ ಹಿಡಿದೆ. ಹೋಟೆಲಿನ ಬೆಳಕಿನಲ್ಲಿ ನೋಡಿದರೆ ಒಂದು ನನ್ನದು, ಇನ್ನೊಂದು ಯಾರದೋ. ಬಾಡಿಗೆಯವು, ಬಣ್ಣ ಒಂದೇ, ಉದ್ದದಲ್ಲಿ ಮಾತ್ರ ನಾಲ್ಕು ಬೆರಳು ವ್ಯತ್ಯಾಸ. ಬೆಳಿಗ್ಗೆ ಬಾಡಿಗೆ ಅಂಗಡಿಯ ಬಾಗಿಲಲ್ಲಿ ಒಬ್ಬ ಡಚ್ ಹುಡುಗ ನನ್ನ ಇನ್ನೊಂದು ಸ್ಕೀ ಹಿಡಿದು ನಿಂತಿದ್ದ. ಇಬ್ಬರ ಬೂಟಿನ ಅಳತೆಯೂ ಒಂದೇ ಇತ್ತು. ಒಂದು ಉದ್ದ, ಒಂದು ಗಿಡ್ಡ ಕಟ್ಟಿಕೊಂಡು ರಾತ್ರಿ ಎಂಟಕ್ಕೆ ಆ ಕತ್ತಲಲ್ಲಿ ಜಾರಿಕೊಂಡೇ ಬಂದಿದ್ದನಂತೆ.

“ನಿನಗೆ ಗೊತ್ತಾಗಲಿಲ್ಲವೇ?” ಎಂದೆ.

“ಯಾವುದು?” ಎಂದ.