ಫಾರ್ವ್ ಯಾವಾಗ ನಿಲ್ಲಿಸಬೇಕಿತ್ತು? ಗ್ರೀನ್ ಬೇ ಅಭಿಮಾನಿಗಳ ಮೂರು ಚಳಿಗಾಲಗಳು

ಸಭೆಗೆ ನಮಸ್ಕಾರ.

ಮೆಚ್ಚಿನ ಆಟಗಾರ ನಿವೃತ್ತಿಯ ಹೊಸ್ತಿಲಲ್ಲಿ ನಿಂತಾಗ ಅಭಿಮಾನಿಗಳು ಆಡುವ ಮಾತುಗಳಲ್ಲಿ ಆತನ ಹಿತ ಎಷ್ಟು, ಅವರ ಸ್ವಂತ ಹಿತ ಎಷ್ಟು ಎಂಬುದು ಇಂದಿನ ನನ್ನ ವಿಷಯ. ಅದಕ್ಕಾಗಿ ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರನ್ನು ಆರಿಸಿಕೊಂಡಿದ್ದೇನೆ. 2006ರಿಂದ 2008ರವರೆಗೆ ಪ್ರತಿ ಚಳಿಗಾಲದಲ್ಲೂ ತಂಡದ ತವರಾದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮನೆಮನೆಯ ಮಾತಾಗಿದ್ದುದು ಒಂದೇ: ಈ ವರ್ಷ ಫಾರ್ವ್ ನಿಲ್ಲಿಸುತ್ತಾರೆಯೇ, ಇಲ್ಲವೇ?

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ತಂಡ ದಾಳಿಗೆ ಇಳಿದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಎಸೆಯಬೇಕೇ, ಜೊತೆಯವನ ಕೈಗೆ ಕೊಡಬೇಕೇ, ತಾನೇ ಹೊತ್ತು ಓಡಬೇಕೇ ಎಂದು ತೀರ್ಮಾನಿಸಲು ಆತನಿಗೆ ಸಿಗುವುದು ಎರಡು ಮೂರು ಸೆಕೆಂಡು. ಗೆದ್ದರೆ ಹೊಗಳಿಕೆಯ ಸಿಂಹಪಾಲು ಆತನದು, ಸೋತರೆ ಬೈಗುಳದ ಸಿಂಹಪಾಲೂ ಆತನದೇ. ಫಾರ್ವ್ ಆಡುತ್ತಿದ್ದ ಕಾಲದಲ್ಲಿ ಲೀಗಿನ ಸಾಮಾನ್ಯ ಋತುವಿನಲ್ಲಿ ಒಂದು ತಂಡಕ್ಕೆ ಇದ್ದದ್ದು 16 ಪಂದ್ಯಗಳು ಮಾತ್ರ. ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಆಟ, ಉಳಿದ ತಿಂಗಳುಗಳಲ್ಲಿ ಬರೀ ಮಾತು. ನಿವೃತ್ತಿಯ ಚರ್ಚೆ ಹುಟ್ಟಿ ಬೆಳೆಯುವುದು ಆ ಖಾಲಿ ತಿಂಗಳುಗಳಲ್ಲೇ.

ಇನ್ನು ಊರಿನ ವಿಷಯ. ಗ್ರೀನ್ ಬೇ ಒಂದು ಲಕ್ಷಕ್ಕೆ ತುಸು ಮೇಲ್ಪಟ್ಟ ಜನಸಂಖ್ಯೆಯ ನಗರ. ಲೀಗಿನ ಬೇರೆ ತಂಡಗಳ ಮಹಾನಗರಗಳ ಎದುರು ಒಂದು ಪೇಟೆ ಎನ್ನಬಹುದು. ಪ್ಯಾಕರ್ಸ್ ತಂಡಕ್ಕೆ ಕೋಟ್ಯಧಿಪತಿ ಒಡೆಯನೊಬ್ಬ ಇಲ್ಲ. 1923ರಿಂದಲೂ ಅದು ಷೇರುದಾರರ ತಂಡ. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಮಾರಿ ಹಣ ಮಾಡಿಕೊಳ್ಳುವಂತೆಯೂ ಇಲ್ಲ. ಜನ ಅದನ್ನು ಕೊಳ್ಳುವುದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು. ತಂಡದ ಕ್ರೀಡಾಂಗಣ ಲ್ಯಾಂಬೋ ಫೀಲ್ಡ್‌ನ ಟಿಕೆಟ್‌ಗಳು 1960ರಿಂದಲೂ ಋತುವಿಗೆ ಮೊದಲೇ ಖಾಲಿ, ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು. ಬೇಸಿಗೆಯ ಶಿಬಿರದ ದಿನಗಳಲ್ಲಿ ಊರಿನ ಮಕ್ಕಳು ಸೈಕಲ್ ತಂದು ಕ್ರೀಡಾಂಗಣದ ಹೊರಗೆ ಸಾಲಾಗಿ ನಿಲ್ಲುತ್ತಾರೆ. ನೂರು ಕಿಲೋಗೂ ಮಿಕ್ಕಿ ತೂಗುವ ಆಟಗಾರ ಒಂದು ಪುಟ್ಟ ಸೈಕಲ್ಲನ್ನು ಆರಿಸಿಕೊಂಡು, ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತಿದ್ದರೂ ಅದನ್ನೇ ತುಳಿಯುತ್ತಾ ಅಭ್ಯಾಸದ ಮೈದಾನಕ್ಕೆ ಹೋಗುತ್ತಾನೆ. ಆತನ ಹೆಲ್ಮೆಟ್ಟನ್ನು ಎದೆಗವಚಿಕೊಂಡ ಹುಡುಗ ಪಕ್ಕದಲ್ಲಿ ಓಡುತ್ತಾನೆ. ಇಂಥ ಊರಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ನಿವೃತ್ತಿ ಆತನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದು ಕಷ್ಟ.

ಫಾರ್ವ್ ಈ ಊರಿನವರಲ್ಲ. ಮಿಸಿಸಿಪ್ಪಿ ರಾಜ್ಯದ ಕಿಲ್ನ್ ಎಂಬ ಪುಟ್ಟ ಊರಿನಲ್ಲಿ ಬೆಳೆದವರು. 1991ರಲ್ಲಿ ಅಟ್ಲಾಂಟಾ ತಂಡ ಆರಿಸಿಕೊಂಡು, ಒಂದೇ ವರ್ಷಕ್ಕೆ ಬೇಡವೆಂದು ಬಿಟ್ಟುಕೊಟ್ಟಿತು. 1992ರ ಸೆಪ್ಟೆಂಬರ್ 20ರಂದು ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಡಾನ್ ಮಜ್ಕೋವ್‌ಸ್ಕಿ ಗಾಯಗೊಂಡಾಗ ಮೈದಾನಕ್ಕಿಳಿದ ಈ ಯುವಕ, 13 ಸೆಕೆಂಡು ಉಳಿದಿರುವಾಗ ಎಸೆದ ಎಸೆತದಿಂದ ಸಿನ್ಸಿನಾಟಿ ವಿರುದ್ಧ 24–23ರ ಗೆಲುವು ತಂದರು. ಮುಂದಿನ ವಾರ ಪಂದ್ಯದ ಆರಂಭದಿಂದಲೇ ಆಡಿದರು. ಅಲ್ಲಿಂದ ಶುರುವಾದ ಸರಣಿ 2010ರ ಡಿಸೆಂಬರ್‌ವರೆಗೆ, ಸತತ 297 ಪಂದ್ಯಗಳ ಕಾಲ, ಒಮ್ಮೆಯೂ ತುಂಡಾಗಲಿಲ್ಲ. ಹೆಬ್ಬೆರಳು ಮುರಿದರೂ ಆಡಿದರು. 2003ರ ಡಿಸೆಂಬರ್‌ನಲ್ಲಿ ತಂದೆ ತೀರಿಕೊಂಡ ಮರುದಿನವೇ ಓಕ್‌ಲ್ಯಾಂಡ್‌ನಲ್ಲಿ 399 ಗಜ ಎಸೆದು ನಾಲ್ಕು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ತಂದುಕೊಟ್ಟರು. 1995ರಿಂದ 1997ರವರೆಗೆ ಮೂರು ವರ್ಷವೂ ಲೀಗಿನ ಶ್ರೇಷ್ಠ ಆಟಗಾರನ ಗೌರವ, ಮೂರನೆಯದು ಮಾತ್ರ ಬ್ಯಾರಿ ಸ್ಯಾಂಡರ್ಸ್ ಜೊತೆ ಹಂಚಿಕೊಂಡದ್ದು. 1997ರ ಜನವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಗೆಲುವು. 1992ರಲ್ಲಿ ಒಂದನೇ ತರಗತಿಗೆ ಸೇರಿದ ಮಗು 2008ರಲ್ಲಿ ಪದವಿ ಮುಗಿಸುವವರೆಗೂ ಹಸಿರು ಜೆರ್ಸಿಯ 4ನೇ ನಂಬರಿನವರು ಅಲ್ಲೇ ಇದ್ದರು.

ಸಂದೇಹ ಶುರುವಾದದ್ದು 2005ರ ಋತುವಿನಲ್ಲಿ. ಪ್ಯಾಕರ್ಸ್ ನಾಲ್ಕು ಗೆದ್ದು ಹನ್ನೆರಡು ಸೋತಿತು, ಫಾರ್ವ್ ಎಸೆದ ಚೆಂಡುಗಳಲ್ಲಿ 29 ಎದುರಾಳಿಗಳ ಕೈ ಸೇರಿದವು. ಅದೇ ವರ್ಷ ತಂಡ ಆರನ್ ರಾಡ್ಜರ್ಸ್ ಎಂಬ ಯುವ ಕ್ವಾರ್ಟರ್‌ಬ್ಯಾಕ್‌ನನ್ನು ಹೊಸಬರ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಿ ಬೆಂಚಿನ ಮೇಲೆ ಕೂರಿಸಿತ್ತು. ಮಾರ್ಚ್‌ನಲ್ಲಿ ಆಟಗಾರರ ಮಾರುಕಟ್ಟೆ ತೆರೆಯುತ್ತದೆ, ಏಪ್ರಿಲ್‌ನಲ್ಲಿ ಹೊಸಬರ ಆಯ್ಕೆ ನಡೆಯುತ್ತದೆ, ವೇತನಕ್ಕೆ ಲೀಗ್ ಮಿತಿ ಹಾಕಿದೆ. ಕ್ವಾರ್ಟರ್‌ಬ್ಯಾಕ್ ಬಾಯಿ ಬಿಡದೆ ತಂಡ ಯಾವ ಲೆಕ್ಕವನ್ನೂ ಸರಿಯಾಗಿ ಹಾಕಲಾರದು. ಫಾರ್ವ್ ಮಾತ್ರ 2006ರ ಏಪ್ರಿಲ್ ಕೊನೆಯವರೆಗೂ ಕಾಯಿಸಿ, ಆಮೇಲೆ ಬರುತ್ತೇನೆಂದರು. ಮುಂದಿನ ಡಿಸೆಂಬರ್ 31ರಂದು ಚಿಕಾಗೊ ವಿರುದ್ಧ ಗೆದ್ದ ಮೇಲೆ ಮೈದಾನದಲ್ಲೇ ಸಂದರ್ಶನ ಕೊಡುತ್ತಾ ಗಂಟಲು ಕಟ್ಟಿ ಮಾತು ನಿಲ್ಲಿಸಿದಾಗ, ಇದೇ ಕೊನೆ ಎಂದು ನೋಡುವವರೂ ಕಣ್ಣೊರೆಸಿಕೊಂಡರು. ಫೆಬ್ರುವರಿಯಲ್ಲಿ ಮತ್ತೆ ಬಂದರು.

ಆ ದಿನಗಳಲ್ಲಿ ಅಭಿಮಾನಿಗಳು ಎರಡು ಪಂಗಡವಾಗಿದ್ದರು. ಒಂದು ಪಂಗಡದವರಿಗೆ ಆತ ಇನ್ನೊಂದು ವರ್ಷ ಆಡಲೇಬೇಕು. ತಂಡ ಸೋತರೂ ಚಿಂತೆಯಿಲ್ಲ, ಭಾನುವಾರ ಆ ತೋಳು ಬೀಸುವುದನ್ನು ನೋಡಬೇಕು. ಇನ್ನೊಂದು ಪಂಗಡದವರು, ಹೆಸರು ಕೆಡುವ ಮೊದಲು ಗೌರವದಿಂದ ಹೋಗಲಿ ಎನ್ನುತ್ತಿದ್ದರು. ಎರಡನೆಯ ಮಾತು ಕೇಳಲು ಹೆಚ್ಚು ವಿವೇಕದ್ದಾಗಿ ತೋರುತ್ತದೆ. ಕ್ರಿಕೆಟ್ ನೋಡುವ ನಾವೂ ಅದನ್ನು ಧಾರಾಳವಾಗಿ ಆಡುತ್ತೇವೆ. ನನಗೆ ಆ ಮಾತಿನ ಮೇಲೆ ನಂಬಿಕೆಯಿಲ್ಲ. ಉತ್ತುಂಗದಲ್ಲಿರುವಾಗಲೇ ನಿವೃತ್ತನಾಗು ಎಂದು ಹೇಳುವವನು ಕಾಪಾಡಲು ಹೊರಟಿರುವುದು ತನ್ನ ನೆನಪಿನ ಆಲ್ಬಮ್ಮನ್ನು. ಆಟಗಾರನಿಗೆ ಅದರಿಂದ ಏನು ಲಾಭ? ಮೂವತ್ತೆಂಟಕ್ಕೆ ನಿಲ್ಲಿಸಿದರೆ ಉಳಿದ ನಾಲ್ಕು ದಶಕಗಳ ಭಾನುವಾರಗಳನ್ನು ಕಳೆಯಬೇಕಾದವನು ಆತ. ಮೊದಲ ಪಂಗಡದವರಾದರೂ ತಮ್ಮ ಸ್ವಾರ್ಥವನ್ನು ಸ್ವಾರ್ಥವೆಂದೇ ಒಪ್ಪಿಕೊಂಡಿದ್ದರು.

2008ರ ಜನವರಿ 20ರಂದು ಲ್ಯಾಂಬೋ ಫೀಲ್ಡ್‌ನಲ್ಲಿ ತಾಪಮಾನ ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಹದಿಮೂರು ಗೆದ್ದು ಮೂರೇ ಸೋತ ಋತು, ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು. ಹೆಚ್ಚುವರಿ ಅವಧಿಯಲ್ಲಿ ಫಾರ್ವ್ ಎಸೆದ ಚೆಂಡು ಎದುರಾಳಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಕೋರಿ ವೆಬ್‌ಸ್ಟರ್ ಕೈಗೆ ಸಿಕ್ಕಿತು, ಸ್ವಲ್ಪ ಹೊತ್ತಿನಲ್ಲಿ ಜಯಂಟ್ಸ್ 23–20ರಿಂದ ಗೆದ್ದಿತು. ಪ್ಯಾಕರ್ಸ್ ಪರ ಅವರ ಕೊನೆಯ ಎಸೆತ ಅದು. ಮಾರ್ಚ್ 6ರಂದು ಪತ್ರಕರ್ತರ ಮುಂದೆ ಅಳುತ್ತಾ ವಿದಾಯ ಹೇಳಿದರು. ಆಡುವ ಶಕ್ತಿ ಇನ್ನೂ ಇದೆ, ಮನಸ್ಸು ದಣಿದಿದೆ ಎಂಬುದು ಅವರ ಮಾತಿನ ಸಾರ. ಬೇಸಿಗೆಯ ಹೊತ್ತಿಗೆ ಆ ದಣಿವು ತೀರಿ, ಮರಳಿ ಬರಲು ಅನುಮತಿ ಕೇಳಿದರು. ತಂಡ ಅಷ್ಟರಲ್ಲಿ ರಾಡ್ಜರ್ಸ್‌ಗೆ ಮಾತು ಕೊಟ್ಟಾಗಿತ್ತು. ಆಗಸ್ಟ್ ಆರಂಭದ ಒಂದು ಸಂಜೆ ಕ್ರೀಡಾಂಗಣದಲ್ಲಿ ಅಭ್ಯಾಸ ಪಂದ್ಯ ನಡೆಯುತ್ತಿದ್ದಾಗಲೇ ಫಾರ್ವ್ ವಿಮಾನದಲ್ಲಿ ಊರಿಗೆ ಬಂದಿಳಿದರು. ಒಳಗೆ, ಇನ್ನೂ ಒಂದು ಪಂದ್ಯವನ್ನೂ ಆರಂಭದಿಂದ ಆಡದ ರಾಡ್ಜರ್ಸ್ ಕೆಲವರ ಕೂಗಾಟವನ್ನು ಕೇಳಬೇಕಾಯಿತು. ಆ ಹುಡುಗ ಮಾಡಿದ ತಪ್ಪಾದರೂ ಏನು? ಮೂರು ವರ್ಷ ಬಾಯಿಮುಚ್ಚಿ ಕಾದದ್ದು. ಕೆಲವೇ ದಿನಗಳಲ್ಲಿ ಫಾರ್ವ್ ನ್ಯೂಯಾರ್ಕ್ ಜೆಟ್ಸ್ ಸೇರಿದರು.

ಅಲ್ಲಿಗೂ ಮುಗಿಯಲಿಲ್ಲ. 2009ರಲ್ಲಿ ಪ್ಯಾಕರ್ಸ್‌ನ ನೆರೆಯ ಹಗೆಗಳಾದ ಮಿನ್ನೆಸೋಟ ವೈಕಿಂಗ್ಸ್‌ನ ನೇರಳೆ ಜೆರ್ಸಿ ತೊಟ್ಟರು. ನವೆಂಬರ್ 1ರಂದು ಅದೇ ಜೆರ್ಸಿಯಲ್ಲಿ ಲ್ಯಾಂಬೋ ಫೀಲ್ಡ್‌ಗೆ ಬಂದಾಗ ಹದಿನಾರು ವರ್ಷ ಹರಸಿದ ಕ್ರೀಡಾಂಗಣ ಅವರನ್ನು ಮೂದಲಿಸಿತು. ವೈಕಿಂಗ್ಸ್ 38–26ರಿಂದ ಗೆದ್ದಿತು. ಆ ಋತುವಿನಲ್ಲಿ, ನಲವತ್ತರ ವಯಸ್ಸಿನಲ್ಲಿ, ಫಾರ್ವ್ 33 ಟಚ್‌ಡೌನ್ ಎಸೆದರು. ಎದುರಾಳಿಗಳ ಕೈ ಸೇರಿದ್ದು ಏಳೇ. ಎಸೆತಗಾರರನ್ನು ಅಳೆಯುವ ರೇಟಿಂಗ್‌ನಲ್ಲಿ ಅದು ಅವರ ಬದುಕಿನ ಅತ್ಯುತ್ತಮ ವರ್ಷ. ಹೆಸರು ಕೆಡುವ ಮೊದಲು ಹೋಗಲಿ ಎಂದವರ ಲೆಕ್ಕ ಇಲ್ಲಿ ಪೂರಾ ತಲೆಕೆಳಗಾಯಿತು. ಅದಕ್ಕೇ ಸಿಟ್ಟು ಹೆಚ್ಚಾಯಿತೆಂದು ನನ್ನ ಅನಿಸಿಕೆ: ಆತ ಸೋತಿದ್ದರೆ ಕ್ಷಮಿಸುವುದು ಸುಲಭವಿತ್ತು.

ಅಭಿಮಾನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ವರ್ಷವರ್ಷವೂ ಅಳಿಸಿ, ವರ್ಷವರ್ಷವೂ ಮರಳಿ ಬರುವವನೊಂದಿಗೆ ಮನಸ್ಸು ಹೊಂದಿಸಿಕೊಳ್ಳುವುದು ಸುಲಭವಲ್ಲ. ವಿದಾಯಕ್ಕೆಂದು ಎತ್ತಿಟ್ಟ ದುಃಖ ಒಮ್ಮೆ ಖರ್ಚಾದರೆ ಎರಡನೆಯ ಸಲಕ್ಕೆ ಉಳಿಯುವುದಿಲ್ಲ. ಆದರೆ ಸತತ ಪಂದ್ಯಗಳ ದಾಖಲೆಗೆ ಚಪ್ಪಾಳೆ ತಟ್ಟಿದವರು ಆ ದಾಖಲೆ ಮೈಯಿಂದ ವಸೂಲು ಮಾಡಿದ್ದೇನೆಂದು ಆಗ ಕೇಳಲಿಲ್ಲ ಎಂಬುದೂ ನಿಜ. 1996ರಲ್ಲೇ ಫಾರ್ವ್ ನೋವಿನ ಮಾತ್ರೆಗಳ ಚಟ ಬಿಡಿಸಿಕೊಳ್ಳಲು ಚಿಕಿತ್ಸಾಲಯ ಸೇರಿದ್ದರು. 2024ರ ಸೆಪ್ಟೆಂಬರ್‌ನಲ್ಲಿ, ಅಮೆರಿಕನ್ ಸಂಸತ್ತಿನ ಸಮಿತಿಯೊಂದರ ಮುಂದೆ, ತಮಗೆ ಪಾರ್ಕಿನ್ಸನ್ ಕಾಯಿಲೆ ಇರುವುದಾಗಿ ತಿಳಿಸಿದರು. ಕಾರಣ ಇಂಥದ್ದೇ ಎಂದು ನಾನು ಹೇಳುವುದಿಲ್ಲ. ನಿವೃತ್ತಿಯ ಆ ಮೂರು ಚಳಿಗಾಲಗಳ ಚರ್ಚೆಯಲ್ಲಿ ತೋಳಿನ ಬಗ್ಗೆ, ಎಸೆತದ ಬಗ್ಗೆ, ವೇತನ ಮಿತಿಯ ಬಗ್ಗೆ ಮಾತು ನಡೆದಷ್ಟು ತಲೆಗೆ ಬಿದ್ದ ಪೆಟ್ಟುಗಳ ಬಗ್ಗೆ ನಡೆಯಲಿಲ್ಲ ಎಂದಷ್ಟೇ ಹೇಳುತ್ತೇನೆ.

2015ರ ಜುಲೈ 18ರಂದು ಪ್ಯಾಕರ್ಸ್ 4ನೇ ನಂಬರನ್ನು ಇನ್ನಾರಿಗೂ ಕೊಡದಂತೆ ಗೌರವದಿಂದ ತೆಗೆದಿರಿಸಿತು. ಸಮಾರಂಭ ನಡೆದದ್ದು ಕ್ರೀಡಾಂಗಣಕ್ಕೆ ಸೇರಿದ ಸಭಾಂಗಣದಲ್ಲಿ. ಆದರೂ ಅದನ್ನು ಪರದೆಯ ಮೇಲೆ ನೋಡಲೆಂದೇ ಅರವತ್ತೇಳು ಸಾವಿರ ಮಂದಿ ಬಂದು ಗ್ಯಾಲರಿಯಲ್ಲಿ ಕೂತರು. ಮತ್ತೆ ಮೂದಲಿಸಿಯಾರು ಎಂಬ ಅಂಜಿಕೆ ಹುಸಿಯಾಯಿತು. ಇದಕ್ಕೆ ಕಾಲದ ಜೊತೆಗೆ 2011ರ ಫೆಬ್ರುವರಿಯ ಸೂಪರ್ ಬೌಲ್ ಕೂಡ ಕಾರಣ: ಅದನ್ನು ರಾಡ್ಜರ್ಸ್ ಗೆದ್ದುಕೊಡದೆ ಹೋಗಿದ್ದರೆ ಈ ಔದಾರ್ಯ ಇಷ್ಟು ಬೇಗ ಬರುತ್ತಿತ್ತೇ ಎಂಬ ಅನುಮಾನ ನನಗಿದೆ.

ಆಮೇಲೆ ರಾಡ್ಜರ್ಸ್ ಸರದಿಯೂ ಬಂತು. 2023ರ ಜನವರಿಯಲ್ಲಿ ಡೆಟ್ರಾಯ್ಟ್ ವಿರುದ್ಧ ತವರಿನಲ್ಲಿ ಸೋತ ರಾತ್ರಿ, ಜೆರ್ಸಿ ಬದಲಿಸಿಕೊಳ್ಳೋಣವೆಂದು ಕೇಳಿದ ಎದುರಾಳಿ ಆಟಗಾರನಿಗೆ ಇದೊಂದು ನನ್ನ ಬಳಿಯೇ ಇರಲಿ ಎಂದರು. ಅಷ್ಟು ಸಾಕಾಯಿತು, ಆಡುತ್ತಾರೋ ಇಲ್ಲವೋ ಎಂಬ ಮಾತು ಊರಲ್ಲಿ ಮತ್ತೆ ಎದ್ದಿತು. ಏಪ್ರಿಲ್‌ನಲ್ಲಿ ಅವರೂ ಹೋದದ್ದು ಜೆಟ್ಸ್‌ಗೇ. 2020ರಲ್ಲಿ ಆಯ್ಕೆಯಾಗಿದ್ದ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಅಷ್ಟರಲ್ಲಿ ಮೂರು ಋತು ಬೆಂಚಿನ ಮೇಲೆ ಕೂತಿದ್ದರು, ಫಾರ್ವ್ ಹಿಂದೆ ರಾಡ್ಜರ್ಸ್ ಕೂತಷ್ಟೇ ಕಾಲ. ಈ ಸಲ ಪಂಗಡಗಳು ಏನೇನು ವಾದ ಹೂಡಿದವೆಂದು ಪ್ರಶ್ನೋತ್ತರದಲ್ಲಿ ಮಾತಾಡೋಣ.