ಕೋರ್ಟಿಗೆ ರಜೆ, ಗಡುವಿಗೆ ರಜೆ ಇಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ವಿಜಯಪುರ ಕಡೆಯ ಒಂದು ಕೇಸನ್ನು ಹಿಡಿದು ಮಾತಾಡುತ್ತೇನೆ. ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಗೂ ವಾಲ್‌ಚಂದ್‌ನಗರ ಇಂಡಸ್ಟ್ರೀಸ್‌ಗೂ ನಡೆದ ವ್ಯಾಜ್ಯ ಅದು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಯಾರದು ಸರಿ, ಯಾರದು ತಪ್ಪು ಅನ್ನುವ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಎದ್ದದ್ದು ತಾರೀಕಿನ ಪ್ರಶ್ನೆ ಮಾತ್ರ.

2016ರ ಆಗಸ್ಟ್ 24ಕ್ಕೆ ಮಧ್ಯಸ್ಥಿಕೆಯ ಅವಾರ್ಡ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರು ಕೊಡುವ ತೀರ್ಪು, ಬಂತು. ಅದನ್ನು ರದ್ದು ಮಾಡಿ ಅಂತ ಕೋರ್ಟನ್ನು ಕೇಳೋಕೆ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಂ ಮೂರು ತಿಂಗಳು ಕೊಡುತ್ತದೆ. ಸರಿಯಾದ ಕಾರಣ ಇದ್ದರೆ ಇನ್ನು 30 ದಿನ. ಅದರಾಚೆಗೆ ಒಂದು ದಿನವೂ ಇಲ್ಲ. ಮೂರು ತಿಂಗಳು ನವೆಂಬರ್ 24ಕ್ಕೆ ಮುಗಿಯಿತು, ಮೇಲಿನ 30 ದಿನ ಡಿಸೆಂಬರ್ 24ಕ್ಕೆ. ಆದರೆ ಡಿಸೆಂಬರ್ 19ರಿಂದ ಜನವರಿ 1ರವರೆಗೆ ಕೋರ್ಟಿಗೆ ಚಳಿಗಾಲದ ರಜೆ. ರಜೆ ಮುಗಿದ ದಿನವೇ, 2017ರ ಜನವರಿ 2ಕ್ಕೆ, ಕಾರ್ಖಾನೆಯವರು ಅರ್ಜಿ ಹಾಕಿದರು.

ಕೊನೆ ದಿನ ರಜೆ ಬಂದರೆ ಮರುದಿನ ಹಾಕಬಹುದು ಅಲ್ವಾ ಅಂತ ನೀವು ಕೇಳಬಹುದು. ಕೇಸು ಹಾಕುವ ಗಡುವುಗಳ ಕಾಯ್ದೆಯಾದ ಲಿಮಿಟೇಶನ್ ಆಕ್ಟ್‌ನ 4ನೇ ಕಲಂ ಹೇಳುವುದೂ ಅದನ್ನೇ. ಆದರೆ ಆ ಅನುಕೂಲ ಕಾಯ್ದೆ ಗೊತ್ತುಮಾಡಿದ ಅವಧಿಗೆ ಮಾತ್ರ, ಅಂದರೆ ಮೊದಲ ಮೂರು ತಿಂಗಳಿಗೆ ಮಾತ್ರ, ಮೇಲಿನ 30 ದಿನಕ್ಕೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತ್ತು. ಅದರಂತೆ ಕಾರ್ಖಾನೆ ಸೋತಿತು, ವಿಜಯಪುರದಿಂದ ಹೈಕೋರ್ಟಿನ ಕಲಬುರಗಿ ಪೀಠ ದಾಟಿ ದಿಲ್ಲಿಯವರೆಗೂ.

ಎಲ್ಲ ತಡವೂ ಹೀಗಲ್ಲ. ಮಾಮೂಲಿ ಅಪೀಲು ತಡವಾದರೆ ಅದೇ ಲಿಮಿಟೇಶನ್ ಆಕ್ಟ್‌ನ 5ನೇ ಕಲಂ ಇದೆ. ಕಾರಣ ಹೇಳಿ, ಜಡ್ಜ್ ಒಪ್ಪಿದರೆ ತಡ ಮನ್ನಾ ಆಗುತ್ತದೆ. ಇಂಥ ಕಡೆ ಕೈ ಬಿಗಿಹಿಡಿಯಬೇಡಿ ಅಂತ 1987ರಲ್ಲಿ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಕೆಳಗಿನ ಕೋರ್ಟುಗಳಿಗೆ ಹೇಳಿತು. 34ನೇ ಕಲಂ ಮುಂದೆ ಆ ಮಾತು ನಡೆಯೋದಿಲ್ಲ. ನಿಮ್ಮ ಕಾರಣ ನೂರಕ್ಕೆ ನೂರು ನಿಜ ಅಂತ ಜಡ್ಜ್‌ಗೆ ಅನಿಸಿದರೂ ಅವರ ಕೈಯಲ್ಲಿ ಏನೂ ಇಲ್ಲ. ಎದುರು ಪಕ್ಷದವರು ಸುಮ್ನೆ ಕೂತರೂ ಇಲ್ಲದ ಅಧಿಕಾರ ಹುಟ್ಟುವುದಿಲ್ಲ.

ಅಮೆರಿಕದಲ್ಲಿ ಇದರ ಇನ್ನೂ ಕಠೋರ ಉದಾಹರಣೆ ಇದೆ. ಕೊಲೆ ಕೇಸಿನಲ್ಲಿ ಶಿಕ್ಷೆಯಾದ ಕೀತ್ ಬೋಲ್ಸ್ ಎಂಬ ಓಹಾಯೋದ ಕೈದಿಗೆ ಅಪೀಲು ಹಾಕಲು ಜಿಲ್ಲಾ ಜಡ್ಜ್ ಫೆಬ್ರವರಿ 27ರವರೆಗೆ, ಅಂದರೆ 17 ದಿನ ಕೊಟ್ಟರು. ಕಾನೂನಿನಲ್ಲಿ ಇದ್ದದ್ದು 14 ದಿನ. ಆತ ಜಡ್ಜ್ ಮಾತು ನಂಬಿ 26ಕ್ಕೆ ಹಾಕಿದ. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು: ಗಡುವು ಮೀರಿದೆ, ಅಪೀಲು ಕೇಳುವ ಅಧಿಕಾರವೇ ಕೋರ್ಟಿಗಿಲ್ಲ. ಜನರನ್ನು ಹೀಗೆ ನಡೆಸಿಕೊಳ್ಳುವುದು ಸಹಿಸಲಾಗದ್ದು ಅಂತ ನ್ಯಾಯಮೂರ್ತಿ ಸೌಟರ್ ಭಿನ್ನ ತೀರ್ಪು ಬರೆದರು. ನನ್ನ ಮನಸ್ಸು ಪೂರ್ತಿ ಸೌಟರ್ ಕಡೆಗಿದೆ. ಆಮೇಲೆ ಅಲ್ಲಿನ ಗಾಳಿಯೂ ತಿರುಗಿತು. ಗಡುವು ಮೀರಿದರೆ ಅಧಿಕಾರವೇ ಇಲ್ಲ ಅನ್ನಬೇಕಾದರೆ ಅದನ್ನು ಶಾಸನವೇ ಸ್ಪಷ್ಟವಾಗಿ ಹೇಳಿರಬೇಕು ಅಂತ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2022ರಲ್ಲಿ ಒಂದೇ ದಿನ ತಡವಾದ ತೆರಿಗೆ ಕೇಸಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ ಅಂದಿತು.

ನಮ್ಮಲ್ಲಿ ಗಡುವು ಬಿಗಿ ಇರುವುದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ವ್ಯಾಜ್ಯ ಬೇಗ ಮುಗಿಯಲಿ ಅಂತಲೇ ತಾನೇ ಜನ ಮಧ್ಯಸ್ಥಿಕೆಗೆ ಹೋಗುವುದು? ಆದರೆ ಕೊಟ್ಟ 30 ದಿನದಲ್ಲಿ ಕೋರ್ಟ್ ಬಾಗಿಲೇ ಮುಚ್ಚಿದ್ದರೆ ಆ ದಿನಗಳನ್ನು ಕೊಟ್ಟ ಹಾಗಾಗುವುದಿಲ್ಲ. ಕೋವಿಡ್ ಬಂದಾಗ ಸುಪ್ರೀಂ ಕೋರ್ಟೇ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಇಡೀ ದೇಶಕ್ಕೆ ಲೆಕ್ಕದಿಂದ ಬಿಟ್ಟಿತು. ತಡ ಮನ್ನಾ ಮಾಡಬಹುದಾದ ಕೊನೆಯ ಮಿತಿಗೂ ಅದು ಅನ್ವಯಿಸಿತು. ಬಾಗಿಲು ಮುಚ್ಚಿದರೆ ಗಡಿಯಾರ ನಿಲ್ಲಬೇಕು ಅನ್ನುವುದು ಆಗ ಎಲ್ಲರಿಗೂ ಸಹಜ ಅನಿಸಿತ್ತು.

2025ರ ಜನವರಿಯಲ್ಲಿ ದಿಲ್ಲಿಯಿಂದ ಇಂಥದೇ ಇನ್ನೊಂದು ಕೇಸು ಬಂತು. ಹಳೇ ತೀರ್ಪುಗಳಿಗೆ ಕಟ್ಟುಬಿದ್ದು ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಹೇಳಿತು, ಆದರೆ ತನ್ನ ಕಳವಳವನ್ನೂ ಬರೆದು ಶಾಸಕಾಂಗದ ಕಡೆ ಬೊಟ್ಟು ಮಾಡಿತು. ಸಂಸತ್ತು ಸೇರಿಸಬೇಕಿರುವುದು ಒಂದೇ ಸಾಲು: ಮೂವತ್ತನೇ ದಿನ ಕೋರ್ಟಿಗೆ ರಜೆ ಇದ್ದರೆ, ಬಾಗಿಲು ತೆರೆದ ದಿನ ಹಾಕಿದ ಅರ್ಜಿ ಗಡುವಿನೊಳಗೇ ಬಂದಂತೆ.