ಮುಚ್ಚಿದ ಮೇಲ್ಮೈಯಲ್ಲಿ ಗ್ರೀನ್ ಫಂಕ್ಷನ್: ಆ 1/ವಿಸ್ತೀರ್ಣ ಎಲ್ಲಿಂದ ಬಂತು?

ನಮಸ್ಕಾರ. ಕಾಸರಗೋಡಿನ ಎಂಎಸ್ಸಿ ವಿದ್ಯಾರ್ಥಿನಿಯೊಬ್ಬರು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ. "ಸಮತಲದಲ್ಲಿ ಗ್ರೀನ್ ಫಂಕ್ಷನ್ ಸಮೀಕರಣದ ಬಲಗಡೆ ಬರೀ ಡೆಲ್ಟಾ ಇದ್ದರೆ ಸಾಕು. ಕಾಂಪ್ಯಾಕ್ಟ್ ರೀಮನ್ ಸರ್ಫೇಸ್ ಅಂದ ಕೂಡಲೇ ಅದರಿಂದ 1/ವಿಸ್ತೀರ್ಣ ಕಳೆಯುತ್ತಾರೆ. ಯಾಕೆ?"

ಬೇಸಿಕ್ಸ್ ಬೇಗ ಮುಗಿಸೋಣ. ಕಾಂಪ್ಯಾಕ್ಟ್ ರೀಮನ್ ಸರ್ಫೇಸ್ ಅಂದರೆ, ಇಲ್ಲಿಗೆ ಬೇಕಾದಷ್ಟು, ಗೋಳದ ಹಾಗೆ ಅಂಚಿಲ್ಲದೆ ಮುಚ್ಚಿಕೊಂಡ ಮೇಲ್ಮೈ. ಡೆಲ್ಟಾ ಅಂದರೆ ಒಂದೇ ಬಿಂದುವಿನಲ್ಲಿ ಕೂಡಿರುವ, ಒಟ್ಟು 1 ಅಳತೆಯ ಮೂಲ. ಒಂದೇ ಬಿಂದುವಿನಲ್ಲಿ ಮೂಲ ಇಟ್ಟರೆ ಉಳಿದ ಕಡೆ ಏನಾಗುತ್ತದೆ ಎಂದು ಹೇಳುವುದು ಗ್ರೀನ್ ಫಂಕ್ಷನ್. ಜಾರ್ಜ್ ಗ್ರೀನ್ ಇದನ್ನು ಬರೆದದ್ದು 1828ರಲ್ಲಿ, ನಾಟಿಂಗ್‌ಹ್ಯಾಮಿನ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದಾಗ.

(ತೆರೆಯಲ್ಲಿ: ಮದಕದ ಚಿತ್ರ)

ನಮ್ಮ ಕಡೆಯ ಮದಕ, ಅಂದರೆ ನೀರು ನಿಲ್ಲುವ ಕೆರೆ, ನೋಡಿದ್ದೀರಿ ಅಲ್ವಾ? ಅದಕ್ಕೆ ಒಂದು ಕಡೆ ಪೈಪಿನಿಂದ ನೀರು ಬಿಡುತ್ತಲೇ ಇದ್ದೇವೆ, ಹೊರಗೆ ಹೋಗಲು ತೋಡಿಲ್ಲ. ಮಟ್ಟ ಏರುತ್ತಲೇ ಹೋಗುತ್ತದೆ. ಆದರೆ ತಳದ ಮುರಕಲ್ಲು ಎಲ್ಲ ಕಡೆ ಒಂದೇ ಸಮನೆ ನೀರು ಇಂಗಿಸಿಕೊಂಡರೆ? ಬಂದಷ್ಟೂ ಇಂಗಿ ಮಟ್ಟ ನಿಲ್ಲುತ್ತದೆ. ಆ ಇಂಗುವಿಕೆಯೇ 1/ವಿಸ್ತೀರ್ಣ.

ಲೆಕ್ಕವೂ ಇದನ್ನೇ ಹೇಳುತ್ತದೆ. ಸಮೀಕರಣದ ಎಡಗಡೆ ಇರುವುದು ಗ್ರೀನ್ ಫಂಕ್ಷನ್‌ನ ಲಾಪ್ಲಾಸಿಯನ್, ಅಂದರೆ ಒಂದು ಬಿಂದುವಿನ ಬೆಲೆ ಸುತ್ತಲಿನ ಸರಾಸರಿಗಿಂತ ಎಷ್ಟು ಬೇರೆ ಎಂದು ಅಳೆಯುವ ಕ್ರಿಯೆ. ಅಂಚಿಲ್ಲದ ಸರ್ಫೇಸ್ ಮೇಲೆ ಯಾವ ನಯವಾದ ಫಂಕ್ಷನ್ ತೆಗೆದುಕೊಂಡರೂ ಅದರ ಲಾಪ್ಲಾಸಿಯನ್ನಿನ ಇಂಟಿಗ್ರಲ್ ಸೊನ್ನೆ. ಡೆಲ್ಟಾದ್ದು 1. ಬರೀ ಡೆಲ್ಟಾ ಇಟ್ಟರೆ ಎರಡೂ ಕಡೆ ತಾಳೆಯಾಗುವುದಿಲ್ಲ. 1/ವಿಸ್ತೀರ್ಣದ ಇಂಟಿಗ್ರಲ್ಲೂ 1, ಅದನ್ನು ಕಳೆದರೆ ಸೊನ್ನೆ. ಇದಕ್ಕೆಲ್ಲ ಕಾರಣ ಝೀರೋ ಮೋಡ್, ಅಂದರೆ ಎಲ್ಲ ಕಡೆ ಒಂದೇ ಬೆಲೆಯ ಫಂಕ್ಷನ್. ಲಾಪ್ಲಾಸಿಯನ್ ಅದನ್ನು ಸೊನ್ನೆ ಮಾಡಿಬಿಡುತ್ತದೆ. ಅದಕ್ಕೇ ಗ್ರೀನ್ ಫಂಕ್ಷನ್‌ಗೆ ಯಾವ ಸ್ಥಿರಾಂಕ ಕೂಡಿಸಿದರೂ ನಡೆಯುತ್ತದೆ. ಸಾಮಾನ್ಯವಾಗಿ ಸರಾಸರಿ ಸೊನ್ನೆ ಎಂದು ಹಿಡಿಯುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಒಂದು ಸಮಾಂತರ ಚತುರ್ಭುಜದ ಎದುರುಬದುರು ಬದಿಗಳನ್ನು ಅಂಟಿಸಿ. ಅದು ಟೋರಸ್. ಒಂದು ಬಿಂದುವಿನಲ್ಲಿ ನೀರು ಬಿಡಿ, ಎಲ್ಲ ಕಡೆ ಸಮನಾಗಿ ಇಂಗಲಿ. ಹರಿವು ಪೂರ್ತಿ ನಿಲ್ಲುವ ಜಾಗಗಳು ಎಷ್ಟು? ಗಣಿತಜ್ಞರಾದ ಚಾಂಗ್-ಶೌ ಲಿನ್ ಮತ್ತು ಚಿನ್-ಲುಂಗ್ ವಾಂಗ್ 2010ರಲ್ಲಿ ಪ್ರಕಟಿಸಿದ ಉತ್ತರ: ಮೂರು ಅಥವಾ ಐದು. ಬೇರೆ ಸಂಖ್ಯೆಯೇ ಇಲ್ಲ! ಎಂಥಾ ಚತುರ್ಭುಜ ಬೇಕಾದರೂ ತೆಗೆದುಕೊಳ್ಳಿ, ನಾಲ್ಕು ಬರುವುದಿಲ್ಲ, ಏಳು ಬರುವುದಿಲ್ಲ.

ಮೂರು ಯಾಕೆ ಅಂತ ಸುಲಭವಾಗಿ ಕಾಣುತ್ತದೆ. ಟೋರಸ್ಸನ್ನು ಮೂಲದ ಸುತ್ತ 180 ಡಿಗ್ರಿ ತಿರುಗಿಸಿದರೆ ಅರ್ಧ ದೂರದ ಮೂರು ಬಿಂದುಗಳು ಇದ್ದಲ್ಲೇ ಇರುತ್ತವೆ. ಅಲ್ಲಿ ಹರಿವಿಗೆ ದಿಕ್ಕೇ ಇರಲು ಸಾಧ್ಯವಿಲ್ಲ. ಆಯತದಲ್ಲಿ ಈ ಮೂರೇ. 60 ಡಿಗ್ರಿ ಕೋನದ, ನಾಲ್ಕೂ ಬದಿ ಸಮ ಇರುವ ಚತುರ್ಭುಜದಲ್ಲಿ 120 ಡಿಗ್ರಿ ತಿರುಗಿಸಿದರೂ ಆಕಾರ ಕೂಡುತ್ತದೆ. ಉದ್ದದ ಕರ್ಣದ ಮೂರನೇ ಒಂದು ಪಾಲಿನಲ್ಲೊಂದು, ಮೂರನೇ ಎರಡು ಪಾಲಿನಲ್ಲೊಂದು ಬಿಂದು ಕದಲುವುದಿಲ್ಲ. ಒಟ್ಟು ಐದಾಯಿತು. ಮಟ್ಟ ಅತ್ಯಂತ ಕೆಳಗಿರುವುದೂ ಆ ಎರಡು ಹೊಸ ಬಿಂದುಗಳಲ್ಲೇ. ಇಷ್ಟು ಹಳೆಯ ಫಂಕ್ಷನ್ ಬಗ್ಗೆ ಇಷ್ಟು ಸರಳವಾದ ಉತ್ತರ 2010ರವರೆಗೆ ಕಾಯಬೇಕಾಯಿತು ಎನ್ನುವುದು ನನಗೆ ಈಗಲೂ ಬೆರಗು.

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೇ ಹೇಳಿಬಿಡುತ್ತೇನೆ. ಜೀನಸ್ ಅಂದರೆ ಮೇಲ್ಮೈಯಲ್ಲಿರುವ ತೂತುಗಳ ಸಂಖ್ಯೆ, ಟೋರಸ್‌ಗೆ ಒಂದು. ಜೀನಸ್ ಎಷ್ಟೋ ಅಷ್ಟು ಸ್ವತಂತ್ರ ಹೋಲೋಮಾರ್ಫಿಕ್ ಒನ್-ಫಾರ್ಮ್‌ಗಳು (ಸ್ಥಳೀಯವಾಗಿ f(z)dz ರೂಪದವು) ಇರುತ್ತವೆ. ಒನ್-ಫಾರ್ಮ್‌ಗಳ ಲಾಪ್ಲಾಸಿಯನ್ ಇವುಗಳನ್ನು ಸೊನ್ನೆ ಮಾಡುತ್ತದೆ, ಹಾಗಾಗಿ ಅವೂ ಝೀರೋ ಮೋಡ್‌ಗಳೇ. ಜೀನಸ್ ಒಂದು ಅಥವಾ ಜಾಸ್ತಿ ಇದ್ದರೆ ಅವುಗಳಿಂದಲೇ ಒಂದು ಅಳತೆ ಕಟ್ಟಿ, 1/ವಿಸ್ತೀರ್ಣದ ಜಾಗದಲ್ಲಿ ಅದನ್ನು ಇಡಬಹುದು. 1974ರಲ್ಲಿ ಗಣಿತಜ್ಞ ಅರಾಕೆಲೊವ್ ಗ್ರೀನ್ ಫಂಕ್ಷನ್‌ಗಳನ್ನು ಸಂಖ್ಯಾ ಸಿದ್ಧಾಂತದ (ನಂಬರ್ ಥಿಯರಿ) ರೇಖಾಗಣಿತಕ್ಕೆ ತಂದರು. ಕಣಗಳನ್ನು ಸಣ್ಣ ತಂತಿಗಳೆಂದು ನೋಡುವ ಸ್ಟ್ರಿಂಗ್ ಥಿಯರಿಯ ಲೂಪ್ ಲೆಕ್ಕಗಳಲ್ಲೂ ಇದೇ ಗ್ರೀನ್ ಫಂಕ್ಷನ್ ಬರುತ್ತದೆ. ಅಲ್ಲಿ ಝೀರೋ ಮೋಡ್ ಪೂರ್ತಿ ಸ್ಟ್ರಿಂಗ್ ಎಲ್ಲಿದೆ ಎಂದು ಹೇಳುತ್ತದೆ. ಅದರ ಮೇಲೆ ಇಂಟಿಗ್ರೇಟ್ ಮಾಡಿದಾಗ ಸಿಗುವುದು ಮೊಮೆಂಟಮ್ ಸಂರಕ್ಷಣೆ.